ತಲೆದಂಡ ಅಂದ್ರೆ ಯಾರ ತಲೆ?

ಮಂತ್ರಿಯೊಬ್ಬ ರಾಜೀನಾಮೆ ಕೊಟ್ಟರೆ ನಮ್ಮ ಚಾನೆಲ್‌ಗಳಿಗೆ ಅದು 'ತಲೆದಂಡ'. 2019ರ ಜುಲೈ 23ರಂದು 99-105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿದ್ದಾಗ ನಮ್ಮ ವಿದ್ಯಾನಗರದ ಬೆಣ್ಣೆದೋಸೆ ಹೋಟೆಲುಗಳಲ್ಲೂ ತಲೆ ಎಣಿಸಿದ್ದೇ ಎಣಿಸಿದ್ದು.

ಗಿರೀಶ ಕಾರ್ನಾಡರ 1990ರ ನಾಟಕ 'ತಲೆದಂಡ' ಓದಿದವರ ಬಾಯಿಗೆ ಈ ಪದ ಅಷ್ಟು ಹಗುರವಾಗಿ ಬರಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ. ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆ. ಅಲ್ಲಿಂದ ಊರೇ ಒಡೆಯುತ್ತೆ. ಅರಮನೆಯಲ್ಲಿ ಸೋವಿದೇವ ಅಪ್ಪ ಬಿಜ್ಜಳನನ್ನೇ ಕೆಳಗಿಳಿಸ್ತಾನೆ. ಶರಣರೂ ಒಂದಾಗಿ ಉಳಿಯಲ್ಲ: ಬಸವಣ್ಣನವರದು ತಾಳ್ಮೆ, ಜಗದೇವನದು ಕತ್ತಿ. ಫ್ರೆಂಚ್ ಕ್ರಾಂತಿಯ ಕತೆಯೂ ಇದೇ ಅಲ್ವಾ? 1794ರ ಏಪ್ರಿಲ್‌ನಲ್ಲಿ ಹಳೇ ಜೊತೆಗಾರ ಡಾಂಟನ್‌ನನ್ನು ಗಿಲೊಟಿನ್‌ಗೆ ಕಳಿಸಿದ ರೋಬೆಸ್ಪಿಯರ್‌ನ ಸರದಿ ಜುಲೈಗೇ ಬಂತು.

ಬಣಗಳ ಈ ಆಟವನ್ನು ಕಾರ್ನಾಡರು ಸೊಗಸಾಗಿ ಕಟ್ಟಿದ್ದಾರೆ. ಬಿಜ್ಜಳನಂತೂ ರಂಗವನ್ನೇ ನುಂಗಿಬಿಡ್ತಾನೆ. ನನ್ನ ತಕರಾರೂ ಅದೇ. ಯಾರ ಮದುವೆಗೆ ಇಷ್ಟೆಲ್ಲ ನಡೀತೋ ಆ ಕಲಾವತಿ, ಶೀಲವಂತರ ದನಿ ದೊಡ್ಡವರ ಮಾತಿನ ನಡುವೆ ಕಳೆದುಹೋಗುತ್ತೆ.

ಆದರೂ ಬೆಲೆ ತೆತ್ತವರು ಯಾರು ಅನ್ನೋದನ್ನ ನಾಟಕ ಮರೆಮಾಚಲ್ಲ. ಸಿಂಹಾಸನ ಕೈ ಬದಲಾದಾಗ ಘೋರ ಶಿಕ್ಷೆ ಸಿಕ್ಕಿದ್ದು ಆ ಇಬ್ಬರು ಅಪ್ಪಂದಿರಿಗೆ. ಮರ್ಯಾದೆಗೇಡು ಹತ್ಯೆಗಳು ಇನ್ನೂ ನಿಂತಿಲ್ಲದ ನಾಡು ನಮ್ಮದು. ಇಲ್ಲಿ ಕುರ್ಚಿ ಹೋದವರಿಗೆ 'ತಲೆದಂಡ' ಅನ್ನಬೇಡಿ. ಅವರ ತಲೆ ಅಲ್ಲೇ ಇರುತ್ತೆ; ಮುಂದಿನ ಸರ್ಕಾರದಲ್ಲಿ ಅದಕ್ಕೊಂದು ಪೇಟವೂ ಸಿಗುತ್ತೆ.