ಪರ್ಯಾಯ ಫಾಂಟು ಮತ್ತು ಪಠ್ಯದ ಸಾಕ್ಷ್ಯ: ಆಯ್ಕೆಯ ಘಟಕವನ್ನು ಕುರಿತು ಒಂದು ಆಕ್ಷೇಪ

ಧ್ವನಿಮಾ ಪರ್ಯಾಯಗಳನ್ನು ಸೂಚಿಸಲು ಭಾಷಾವಿಜ್ಞಾನದ ಬರಹಗಳಲ್ಲಿ ಬಳಕೆಯಾಗುವ ↔ ಚಿಹ್ನೆಯು ಕೆಲವು ಮೊಬೈಲುಗಳಲ್ಲಿ ಬಣ್ಣದ ಚೌಕದೊಳಗಿನ ಎಮೋಜಿಯಾಗಿ ಕಾಣುತ್ತದೆ. ಅದೇ ಸಾಲಿನ → ಚಿಹ್ನೆಗೆ ಹಾಗಾಗುವುದಿಲ್ಲ. ಯೂನಿಕೋಡ್ ಮೊದಲನೆಯದಕ್ಕೆ ಎಮೋಜಿ ಗುಣವನ್ನು ಆರೋಪಿಸಿದೆ, ಎರಡನೆಯದಕ್ಕೆ ಆರೋಪಿಸಿಲ್ಲ. ಕಣ್ಣಿಗೆ ಕಾಣದ ಆಯ್ಕೆಸಂಕೇತವೊಂದನ್ನು ಬೆನ್ನಿಗೆ ಸೇರಿಸಿ ಪಠ್ಯರೂಪವೇ ಬೇಕೆಂದು ಸೂಚಿಸಲು ಅವಕಾಶವಿದೆ. ಈ ತೊಡಕು ಕಣ್ಣಿಗೆ ರಾಚುತ್ತದೆ. ಆದಕಾರಣ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ನಮ್ಮ ಆಕ್ಷೇಪವಿರುವುದು ಕಣ್ಣಿಗೆ ಬೀಳದ ತೊಡಕನ್ನು ಕುರಿತು.

ಲೇಖಕರು ಸೂಚಿಸಿದ ಫಾಂಟಿನಲ್ಲಿ ಒಂದು ಅಕ್ಷರದ ಆಕೃತಿ ಇಲ್ಲದಿದ್ದರೆ ಗಣಕವು ಇತರ ಫಾಂಟುಗಳಲ್ಲಿ ಅದನ್ನು ಹುಡುಕುತ್ತದೆ. ಎಲ್ಲಿಯೂ ದೊರೆಯದಿದ್ದಾಗ ಖಾಲಿ ಚೌಕವನ್ನು ತೋರಿಸುತ್ತದೆ. ಈ ಚೌಕಗಳಿಗೆ 'ಟೋಫು' ಎಂಬ ಅಡ್ಡಹೆಸರುಂಟು. ಅವುಗಳನ್ನು ಇಲ್ಲವಾಗಿಸುವ ಗುರಿಯಿಂದಲೇ ನೋಟೋ ಫಾಂಟುಮಾಲೆಗೆ ಆ ಹೆಸರು ಬಂದಿದೆ. ಆದರೆ ಚೌಕ ಕಾಣದಿದ್ದರೆ ಪಠ್ಯ ಸರಿಯಾಗಿದೆ ಎಂಬ ಮಾನದಂಡವನ್ನು ನಾವು ಒಪ್ಪಲಾರೆವು.

ಹಳಗನ್ನಡದ 'ಪೊೞ್ತು' ಪದವನ್ನು ತೆಗೆದುಕೊಳ್ಳೋಣ. ೞಕಾರವಿಲ್ಲದ ಫಾಂಟಿನಲ್ಲಿ ಇದನ್ನು ಬರೆದಾಗ ಪರ್ಯಾಯ ಫಾಂಟಿನಿಂದ ಎಷ್ಟು ಭಾಗವನ್ನು ತರಬೇಕು? ೞಕಾರವನ್ನಷ್ಟೆಯೋ, ಇಡೀ 'ೞ್ತು' ಅಕ್ಷರವನ್ನೋ? ಲಿಪಿಶಾಸ್ತ್ರದ ದೃಷ್ಟಿಯಿಂದ ಉತ್ತರ ನಿಸ್ಸಂದಿಗ್ಧ. ಯೂನಿಕೋಡಿನ ಅಕ್ಷರಗುಚ್ಛದ ವ್ಯಾಖ್ಯೆ ಮಾತ್ರ ಬೇರೆಯಾಗಿದೆ. 2023ರ 15.1ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಡೆಯದ ನಿಯಮ ಬಂದಿತು; ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹೀಗಾಗಿ ಆ ಗುಚ್ಛವನ್ನೇ ಘಟಕವಾಗಿ ಹಿಡಿಯುವ ತಂತ್ರಾಂಶದಲ್ಲಿ 'ೞ್' ಒಂದು ಫಾಂಟಿನಿಂದಲೂ 'ತು' ಇನ್ನೊಂದರಿಂದಲೂ ಬರಬಹುದು. ಎರಡು ಫಾಂಟುಗಳ ನಡುವೆ ಒತ್ತು ಮೂಡದು. ಪುಟದ ಮೇಲೆ ಕಾಣುವುದು 'ಪೊೞ್‌ತು'.

(ೞಕಾರದ ದುರದೃಷ್ಟ ಹಳೆಯದು. ಯೂನಿಕೋಡಿನಲ್ಲಿ ಅದರ ಅಧಿಕೃತ ಹೆಸರು ಇಂದಿಗೂ 'ಕನ್ನಡ ಲೆಟರ್ ಫಾ'. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ತಿದ್ದುಪಡಿಯು ಉಪನಾಮದ ರೂಪದಲ್ಲಿದೆ.)

ಇದು ಕೇವಲ ಅಂದಗೇಡಿನ ಪ್ರಶ್ನೆಯಲ್ಲ. ಒತ್ತಿನ ಬದಲು ಹಲಂತರೂಪ ಬಳಸುವುದು ಕನ್ನಡ ಬರವಣಿಗೆಯಲ್ಲಿ ಅರ್ಥವುಳ್ಳ ಆಯ್ಕೆ. 'ಸಾಫ್ಟ್‌ವೇರ್' ಎಂದು ಬರೆಯುವವರು ಘಟಕಗಳ ಗಡಿಯನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಳ್ಳುತ್ತಾರೆ. 'ಪೊೞ್‌ತು' ಎಂಬುದನ್ನು ಕಂಡ ಸಂಶೋಧನಾ ವಿದ್ಯಾರ್ಥಿಯು ಅದನ್ನು ಲಿಪಿಕಾರನ ರೂಢಿಯೆಂದೋ ಸಂಪಾದಕರು ಗುರುತಿಸಿದ ಪದಗಡಿಯೆಂದೋ ಓದಿದರೆ ಆತನನ್ನು ದೂಷಿಸುವಂತಿಲ್ಲ. ಒಳಗಿನ ಸಂಕೇತಸರಣಿ ಸರಿಯಾಗಿಯೇ ಇದೆಯಲ್ಲ ಎಂಬ ಸಮಾಧಾನ ತಂತ್ರಜ್ಞರಿಗೆ ಸಾಕಾಗಬಹುದು. ಆದರೆ ನಾವು ಉಲ್ಲೇಖಿಸುವುದು ಮುದ್ರಿತ ಪುಟವನ್ನು. ಅಲ್ಲಿ ಯಂತ್ರದ ಆಕಸ್ಮಿಕಕ್ಕೂ ಬರೆದವರ ಉದ್ದೇಶಕ್ಕೂ ಒಂದೇ ಆಕೃತಿ.

ಆದ್ದರಿಂದ ಕನ್ನಡಕ್ಕೆ ಫಾಂಟು ಆಯ್ಕೆಯ ಘಟಕವು ಒತ್ತು, ಗುಣಿತಚಿಹ್ನೆಗಳನ್ನು ಒಳಗೊಂಡ ಪೂರ್ಣಾಕ್ಷರವೇ ಆಗಬೇಕೆಂಬುದು ನಮ್ಮ ವಾದ. ಅದಾಗುವವರೆಗೆ ಹಳಗನ್ನಡದ ಉದಾಹರಣೆಗಳನ್ನು ಪ್ರಕಟಿಸುವ ಸಂಪಾದಕರು ಫಾಂಟಿನಲ್ಲಿ ೞ, ಱ ಇವೆಯೇ ಎಂದಷ್ಟೇ ನೋಡಿದರೆ ಸಾಲದು. ಅವುಗಳ ಕೆಳಗೆ ತಕಾರ, ಪಕಾರಗಳ ಒತ್ತು ಮೂಡುತ್ತದೆಯೇ ಎಂಬುದನ್ನು ಕರಡಿನಲ್ಲೇ ಪರೀಕ್ಷಿಸಬೇಕು.