ಕಿವಿಯ ಕನ್ನಡ, ಕಣ್ಣಿನ ಕನ್ನಡ: ಹಳಗನ್ನಡ ತರಗತಿಯಲ್ಲಿ ಉಪನ್ಯಾಸ ಪದ್ಧತಿಯ ಬಲ ಮತ್ತು ಮಿತಿ

ಗಾಂಧಿಪುರಂನಿಂದ ಮಾತಾಡ್ತಿದ್ದೇನೆ, ಹೊರಗೆ ಬಸ್ಸುಗಳ ಸದ್ದಿದೆ, ಸಹಿಸಿಕೊಳ್ಳಿ.

ಉಪನ್ಯಾಸ ಪದ್ಧತಿಯ ಗುಣದೋಷಗಳ ಪಟ್ಟಿ ಎಲ್ಲರಿಗೂ ಗೊತ್ತು. ಕಡಿಮೆ ಸಮಯದಲ್ಲಿ ಹೆಚ್ಚು ಪಾಠ ಆಗುತ್ತೆ, ಒಬ್ಬ ಮೇಷ್ಟ್ರು ನೂರು ಜನಕ್ಕೆ ಹೇಳಬಹುದು; ಆದರೆ ವಿದ್ಯಾರ್ಥಿ ಸುಮ್ಮನೆ ಕೂರುತ್ತಾನೆ. ಪಟ್ಟಿ ಸರಿಯೇ. ಯಾವ ಪಾಠ, ಯಾರ ಮುಂದೆ ಅನ್ನೋ ಪ್ರಶ್ನೆ ಮಾತ್ರ ಅದರಲ್ಲಿಲ್ಲ. ಹಾಗಾಗಿ ಹಳಗನ್ನಡದ ಪಾಠವೊಂದನ್ನೇ ಇಟ್ಟುಕೊಂಡು ನೋಡುತ್ತೇನೆ.

ಮೊದಲು ಪದ. ಕೊಯಮತ್ತೂರಿನಲ್ಲಿ 'ಉಪನ್ಯಾಸಂ' ಅಂದರೆ ರಾಮಾಯಣ, ಭಾಗವತಗಳ ಪ್ರವಚನ. ಕಾಲೇಜಿನ ಉಪನ್ಯಾಸಕ್ಕೆ ತಮಿಳಲ್ಲಿ 'ವಿರಿವುರೈ' ಅಂತಾರೆ. 'ಉರೈ' ನಮ್ಮ 'ಒರೆ', 'ವಿರಿ' ನಮ್ಮ 'ಬಿರಿ'. ಇಂಗ್ಲಿಷಿನ 'ಲೆಕ್ಚರ್' ಪದದ ಲ್ಯಾಟಿನ್ ಮೂಲಕ್ಕೂ 'ಓದು' ಎಂದೇ ಅರ್ಥ. ಮೂರರ ಹಿಂದೆಯೂ ಒಂದು ಪಠ್ಯವಿದೆ. ಮಾತು ಅದನ್ನು ಬಿಡಿಸುತ್ತದೆ.

ಉಪನ್ಯಾಸದ ಬಲ ಇರುವುದೂ ಅಲ್ಲೇ. ಪಂಪನ 'ವಿಕ್ರಮಾರ್ಜುನ ವಿಜಯ'ದ ಪದ್ಯ ಅಚ್ಚಿನಲ್ಲಿ ಸಂಧಿಗಳಿಂದ ಹೆಣೆದುಕೊಂಡಿರುತ್ತದೆ. ಮೇಷ್ಟ್ರು ಎಲ್ಲಿ ನಿಲ್ಲಿಸಿ ಓದ್ತಾರೆ, ಎಲ್ಲಿ ಪದ ಬಿಡಿಸ್ತಾರೆ ಅನ್ನೋದರಲ್ಲೇ ಅರ್ಧ ಅರ್ಥ ತಿಳಿದುಹೋಗುತ್ತದೆ. ಕುಮಾರವ್ಯಾಸನೂ ಗಮಕಿಗಳ ದನಿಯಲ್ಲೇ ಊರೂರು ತಲುಪಿದವನು. ಕೊಯಮತ್ತೂರಿನ ಸುತ್ತ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಆಡುಮಾತು ಕನ್ನಡ, ಶಾಲೆ ತಮಿಳು. ಕನ್ನಡ ಚೆನ್ನಾಗಿ ಕೇಳಿಸಿಕೊಂಡರೂ ಲಿಪಿ ಬಾರದವರು ಇಲ್ಲಿ ಬಹಳ. ಅವರಿಗೆ ಸಾಹಿತ್ಯದ ಬಾಗಿಲು ತೆರೆಯೋದು ಕಿವಿಯಿಂದಲೇ. ಉಪನ್ಯಾಸ ಹಳತಾಯ್ತು, ಕೈಬಿಡಿ ಅನ್ನೋರು ಇವರನ್ನು ನೆನೆಯಬೇಕು.

ಇನ್ನು ಮಿತಿ. ಕೇಳುವವನ ಬಳಿ ಏನಿದೆ ಅಂತ ಉಪನ್ಯಾಸಕ್ಕೆ ಗೊತ್ತಾಗೋದೇ ಇಲ್ಲ. ಹಳಗನ್ನಡದ 'ಪಾಲ್', 'ಪುಲಿ' ಎಂದರೆ ಹಾಲು, ಹುಲಿ ಎಂದು ವಿವರಿಸುತ್ತಾ ಹೋಗುವಾಗ, ತಮಿಳು ಬಲ್ಲ ವಿದ್ಯಾರ್ಥಿಗೆ ಅವು ದಿನಬಳಕೆಯ ಮಾತುಗಳು. ಕನ್ನಡದಿಂದ ಕಳೆದುಹೋದ 'ೞ' ಅವನ ನಾಲಿಗೆಯ ಮೇಲೆ ಇವತ್ತಿಗೂ ಇದೆ. 'ಏೞ್' ಪದವನ್ನು ಇಡೀ ತರಗತಿಗೆ ಉಚ್ಚರಿಸಿ ತೋರಿಸಬಲ್ಲವನು ಅವನೇ. ಆದರೆ ಕೇಳುವವರಿಲ್ಲ. ಕನ್ನಡ ಬರೆಯಲು ತಡವರಿಸುವ ಅವನು ಹಿಂದಿನ ಬೆಂಚಿನಲ್ಲಿ ದಡ್ಡನಾಗಿ ಉಳಿಯುತ್ತಾನೆ.

ಇದಕ್ಕಿಂತ ದೊಡ್ಡ ತೊಂದರೆ, ಉಪನ್ಯಾಸ ಉಕ್ತಲೇಖನವಾಗುವುದು. 'ಪಂಪನ ಕಾವ್ಯದ ವೈಶಿಷ್ಟ್ಯಗಳು' ಎಂದು ಎಂಟು ಅಂಶ ಬರೆದುಕೊಂಡು, ಕಾವ್ಯವನ್ನೇ ತೆರೆಯದೆ ಪರೀಕ್ಷೆ ಪಾಸಾಗಬಹುದು. ನಾನೂ ಹಾಗೆ ಪಾಸಾದವನೇ.

2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನಪಾಸಾದವರು ಸುಮಾರು ಶೇ. 34, ವಿದ್ಯಾರ್ಥಿಗಳೂ ಪಾಲ್ಗೊಂಡ ತರಗತಿಗಳಲ್ಲಿ ಶೇ. 22. ಆದರೆ ಅವೆಲ್ಲ ವಿಜ್ಞಾನ, ತಂತ್ರಜ್ಞಾನ, ಗಣಿತದ ತರಗತಿಗಳು. ಕಾವ್ಯಪಾಠಕ್ಕೆ ಆ ಅಂಕಿಗಳನ್ನು ನೇರ ಅನ್ವಯಿಸುವಂತಿಲ್ಲ. ಉಪನ್ಯಾಸ ತೆಗೆದು ಗುಂಪು ಚರ್ಚೆ ಇಟ್ಟರೂ, ಪದ್ಯ ಓದದವರ ಚರ್ಚೆ ಹರಟೆಯಾಗುತ್ತೆ ಅಷ್ಟೇ.

ನನ್ನ ವಾದ ಇಷ್ಟು: ಮೇಷ್ಟ್ರು ಮೊದಲು ಪದ್ಯ ಓದಿ ಪದ ಬಿಡಿಸಲಿ. ಆಮೇಲೆ ವಿದ್ಯಾರ್ಥಿಗಳು ಪುಸ್ತಕ ನೋಡಿಕೊಂಡು ಓದಲಿ, ತಪ್ಪೋ ಸರಿಯೋ ಅರ್ಥ ಹೇಳಲಿ. ವ್ಯಾಖ್ಯಾನ ಕೊನೆಗೆ ಬರಲಿ. ಹೀಗೆ ಮಾಡಿದರೆ ಸೆಮಿಸ್ಟರಿನಲ್ಲಿ ಪದ್ಯಗಳ ಸಂಖ್ಯೆ ಕಡಿಮೆಯಾಗುತ್ತದೆ, ನಿಜ. ಹತ್ತು ಪದ್ಯಗಳ ಟಿಪ್ಪಣಿಗಿಂತ ಸ್ವಂತ ಬಾಯಲ್ಲಿ ಓದಿದ ನಾಲ್ಕು ಪದ್ಯ ಮೇಲು ಅಂತ ನನಗನ್ನಿಸುತ್ತೆ. ಕಿವಿಯಲ್ಲಿ ಕನ್ನಡ ಇಟ್ಟುಕೊಂಡು ಬಂದವನು ಲಿಪಿಗೆ ದಾಟೋದೂ ಈ ದಾರಿಯಲ್ಲೇ.

ಇಷ್ಟು ಹೊತ್ತು ನಾನು ಮಾಡಿದ್ದೂ ಉಪನ್ಯಾಸವೇ, ನೀವೆಲ್ಲ ಮ್ಯೂಟ್‌ನಲ್ಲಿದ್ದಿರಿ. ಈಗ ಪಂಪನ ಒಂದು ಪದ್ಯ ಪರದೆ ಮೇಲೆ ಹಾಕ್ತೇನೆ. ಯಾರಾದರೂ ಮೈಕ್ ಆನ್ ಮಾಡಿ ಓದಿ. ಚರ್ಚೆ ಅಲ್ಲಿಂದ ಶುರುವಾಗಲಿ.