ಕಾಂಕ್ರೀಟಿಗೆ ಭಾನುವಾರವಿಲ್ಲ

ಈ ವಾರ ಬಣ್ಣದ ಪಟ್ಟಿಗಳ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಗ್ಯಾಂಟ್ ಚಾರ್ಟ್ ಮೂಡಿಸುವುದು, ಪಟ್ಟಿ ಹಸಿರಿರಬೇಕೋ ನೀಲಿಯೋ, ತಡವಾದ ಕೆಲಸಕ್ಕೆ ಕೆಂಪು ಬಳಿಯುವುದು ಶಿಸ್ತೋ ಕ್ರೌರ್ಯವೋ, ಎಲ್ಲಕ್ಕೂ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಬುಧವಾರ ಸಂಜೆಯೊಳಗೆ ಬರಹ ಕಳಿಸಬೇಕು. ಮಂಗಳವಾರ ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗ ಬಂದವನು ನನ್ನ ಲ್ಯಾಪ್‌ಟಾಪ್ ಕಡೆ ಕಣ್ಣು ಹಾಯಿಸಿ, “ಏನ್ ಮಾವ, ಇನ್ನೂ ಎಕ್ಸೆಲ್ಲಾ?” ಎಂದ. ಸೌದೆ ಒಲೆ ಕಂಡವರು ‘ಇನ್ನೂ’ ಎನ್ನುವ ಧಾಟಿಯಲ್ಲೇ ಎಂದ. ಬಣ್ಣದ ಪಟ್ಟಿ ಅಲ್ಲಿಗೇ ನಿಂತಿತು.

ಅವನದು ಚೀಟಿ ಪಂಥ. ಪರದೆಯ ಮೇಲೆ ಮೂರು ಅಂಕಣ: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಚೀಟಿಯನ್ನು ಎಡದಿಂದ ಬಲಕ್ಕೆ ಎಳೆದರೆ ಕೆಲಸವಾದಂತೆ. ಕಾನ್‌ಬಾನ್ ಎಂದು ಹೆಸರು. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೋ ರೂಢಿಗೆ ತಂದ ಪದ್ಧತಿಯದು. ಅಲ್ಲಿ ಬಿಡಿಭಾಗದ ಜೊತೆಗೇ ಓಡಾಡುತ್ತಿದ್ದ ಆ ಚೀಟಿಗೆ ತೂಕವಿತ್ತು. ಬಿಡಿಭಾಗ ಬಿಟ್ಟು ಬರೀ ಚೀಟಿ ಆಮದು ಮಾಡಿಕೊಂಡವರ ಮೇಲೆ ನನಗೆ ಹಳೆಯ ಸಿಟ್ಟಿದೆ, ಈ ಅಂಕಣದ ಓದುಗರಿಗೆ ಅದು ಹೊಸದಲ್ಲ. ಒಂದು ಚೀಟಿ ಮೂರು ದಿನ ತಡವಾದರೆ ಅದರ ಹಿಂದೆ ಸಾಲಾಗಿ ನಿಂತ ಚೀಟಿಗಳಿಗೆ ಅದರ ಬಿಸಿ ತಟ್ಟುವುದಿಲ್ಲ. ಹಾಳೆಯಲ್ಲಿ ಹಾಗಲ್ಲ. ಮೇಲಿನ ಸಾಲು ಜಾರಿದರೆ ಕೆಳಗಿನ ಸಾಲುಗಳೆಲ್ಲ ಜಾರುತ್ತವೆ, ಕಣ್ಣೆದುರೇ.

ನಮ್ಮ ಪಂಥದೊಳಗೂ ಪಾಷಂಡಿಗಳಿದ್ದಾರೆ ಅನ್ನಿ. ಸ್ಟ್ಯಾಕ್ಡ್ ಬಾರ್ ಚಾರ್ಟ್ ಹಾಕಿ, ಮೊದಲ ಪಟ್ಟಿಯ ಬಣ್ಣ ತೆಗೆದು ಮಾಯ ಮಾಡಿ, ಉಳಿದದ್ದನ್ನು ಗ್ಯಾಂಟ್ ಎಂದು ತೋರಿಸುವವರು ಅವರು. ಆ ಚಾರ್ಟ್‌ನಲ್ಲಿ ಮೊದಲ ಕೆಲಸ ತಳದಲ್ಲಿ ಬಂದು ಕೂರುತ್ತದೆ. ಅದನ್ನು ತಲೆಕೆಳಗು ಮಾಡಲು ಇನ್ನೊಂದು ಕಸರತ್ತು. ಪಾಯ ಮೇಲೆ, ತಾರಸಿ ಕೆಳಗೆ ಇರುವ ಮನೆಯನ್ನು ನೀವು ಕಟ್ಟಿಸುವುದಾದರೆ ಸರಿ.

ಆದರೆ ಹಾಳೆ ದೊಡ್ಡದು ಏಕೆ ಎಂದು ಹುಡುಗನಿಗೆ ವಿವರಿಸಲು ಹೊರಟಾಗ ನನ್ನ ಬಾಯಿಗೆ ಬಂದದ್ದು ಪಟ್ಟಿಯಲ್ಲ, ದಿನ. ಹಾಳೆಗೆ ದಿನವೆಂದರೆ ಬರಿಯ ಸಂಖ್ಯೆ. 1900ರ ಜನವರಿ 1ಕ್ಕೆ 1, ಅಲ್ಲಿಂದ ದಿನಕ್ಕೊಂದರಂತೆ ಎಣಿಕೆ. ರಾಜ್ಯ ಏಕೀಕರಣವಾದ 1956ರ ನವೆಂಬರ್ 1 ಎಕ್ಸೆಲ್ ಪಾಲಿಗೆ 20760. ಈ ಎಣಿಕೆಯಲ್ಲಿ 60ನೇ ದಿನ ಯಾವುದು ನೋಡಿ: 1900ರ ಫೆಬ್ರವರಿ 29. ಭೂಮಿಯ ಮೇಲೆ ಎಂದೂ ಬೆಳಗಾಗದ ದಿನ. 400ರಿಂದ ಭಾಗವಾಗದ ಶತಮಾನದ ವರ್ಷ ಅಧಿಕ ವರ್ಷವಲ್ಲ. ಲೋಟಸ್ 1-2-3 ಈ ತಪ್ಪನ್ನು ಹೊತ್ತೇ ಹುಟ್ಟಿತ್ತು. ಅದರ ಹಾಳೆಗಳು ತನ್ನಲ್ಲೂ ಏರುಪೇರಿಲ್ಲದೆ ತೆರೆಯಲಿ ಎಂದು ಎಕ್ಸೆಲ್ ಗೊತ್ತಿದ್ದೇ ತಪ್ಪನ್ನು ಉಳಿಸಿಕೊಂಡಿತು. ಹಿರಿಯರ ಮಾತು ಮೀರದ ಸೊಸೆಯಂತೆ ಇಂದಿಗೂ ಆ ಸುಳ್ಳು ದಿನವನ್ನು ಸಾಕಿಕೊಂಡಿದೆ.

ದಿನ ಸಂಖ್ಯೆಯಾದ ಮೇಲೆ ಬರುವುದು ಎಣಿಸುವ ಕ್ರಮದ ಜಗಳ. ನಮ್ಮಜ್ಜಿ ಹನ್ನೊಂದನೇ ದಿನದ ನಾಮಕರಣಕ್ಕೆ ಹುಟ್ಟಿದ ದಿನವನ್ನೂ ಸೇರಿಸಿ ಬೆರಳು ಮಡಚುತ್ತಿದ್ದರು. ಎಕ್ಸೆಲ್‌ನ ನೆಟ್‌ವರ್ಕ್‌ಡೇಸ್ ಸೂತ್ರದ್ದು ಅಜ್ಜಿಯ ಎಣಿಕೆ: ಮೊದಲ ದಿನವೂ ಲೆಕ್ಕಕ್ಕುಂಟು, ಕೊನೆಯದೂ ಉಂಟು. ವರ್ಕ್‌ಡೇ ಹಾಗಲ್ಲ, ಅದು ಮಾರನೇ ದಿನದಿಂದ ಎಣಿಸುತ್ತದೆ. ಸೋಮವಾರ ಶುರುವಾಗಿ ಸೋಮವಾರವೇ ಮುಗಿಯುವ ಕೆಲಸಕ್ಕೆ 1 ಎಂದು ಕೊಟ್ಟರೆ ಮಂಗಳವಾರ ಎನ್ನುತ್ತದೆ. ಎಷ್ಟೋ ಹಾಳೆಗಳಲ್ಲಿ ಸಾಲಿಗೊಂದು ದಿನ ಕಳ್ಳತನವಾಗುವುದು ಇಲ್ಲೇ. ಮದ್ದು ಸುಲಭ: ಆರಂಭದ ದಿನದಿಂದ ಒಂದು ಕಳೆದು ಅಲ್ಲಿಂದ ಎಣಿಸಲು ಹೇಳಿ.

ಇನ್ನು ರಜೆ. ಬರೀ ವರ್ಕ್‌ಡೇ ಶನಿವಾರ, ಭಾನುವಾರ ಎರಡನ್ನೂ ಬಿಡುತ್ತದೆ. ಮೇಸ್ತ್ರಿ ಬಿಡುವುದು ಭಾನುವಾರ ಮಾತ್ರ, ಶನಿವಾರ ಬಟವಾಡೆ. ಅದಕ್ಕೆ ವರ್ಕ್‌ಡೇ.ಇಂಟ್ಲ್ ಬಳಸಿ ವಾರದ ರಜೆಯ ಜಾಗದಲ್ಲಿ 11 ಎಂದು ಬರೆಯಬೇಕು. ಬ್ಯಾಂಕಿನ ಕೆಲಸದ ಸಾಲಿಗೆ ಇದೂ ಸಾಲದು. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಬಿಡುವು. ಅವನ್ನು ಕ್ಯಾಲೆಂಡರ್ ನೋಡಿ ಟೈಪಿಸುವವರನ್ನು ಕಂಡರೆ ಮರುಕವಾಗುತ್ತದೆ. ತಿಂಗಳ 15ನೇ ತಾರೀಖು ಯಾವ ವಾರ ನೋಡಿ, ಭಾನುವಾರಕ್ಕೆ 1, ಶನಿವಾರಕ್ಕೆ 7. ಆ ಸಂಖ್ಯೆಯನ್ನು 15ರಿಂದ ಕಳೆಯಿರಿ. ಸಿಕ್ಕಿದ್ದೇ ಎರಡನೇ ಶನಿವಾರ. 29ರಿಂದ ಹೀಗೇ ಕಳೆದರೆ ನಾಲ್ಕನೆಯದು. ಫೆಬ್ರವರಿಯಲ್ಲಿ 29 ಇಲ್ಲದಿದ್ದರೆ ಹಾಳೆ ತಾನೇ ಮಾರ್ಚ್ 1 ಎಂದುಕೊಂಡು ಸರಿಯಾದ ಉತ್ತರ ಕೊಡುತ್ತದೆ. ಇದು ಹೊಳೆದ ರಾತ್ರಿ ನಾನು ಮನೆಯವಳನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೆ. ಆಮೇಲಿನದು ಇಲ್ಲಿ ಬೇಡ.

ಇಷ್ಟೆಲ್ಲ ಬಲ್ಲ ನಾನು ಮೈಸೂರಿನ ನಮ್ಮ ಮನೆಗೆ ಮಹಡಿ ಕಟ್ಟಿಸುವಾಗ ಬೇಸ್ತುಬಿದ್ದೆ. ರಜೆಗಳ ಹಾಳೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದೆ. ಸರ್ಕಾರಿ ಪಟ್ಟಿಯಲ್ಲಿ ಯುಗಾದಿಯಷ್ಟೇ ಇರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಮಾರನೇ ದಿನದ ವರ್ಷತೊಡಕಿಗೆ ಯಾವ ಆಳೂ ಕೆಲಸಕ್ಕೆ ಬರುವುದಿಲ್ಲ, ಅಂದು ಮನೆಮನೆಯಲ್ಲೂ ಬಾಡೂಟ. ಅದನ್ನೂ ಸೇರಿಸಿದ್ದೆ. ಬುಧವಾರ ಮೋಲ್ಡ್ ಹಾಕಿದರು. ಮುಂದಿನ ಗುರುವಾರ ಯುಗಾದಿ, ಶುಕ್ರವಾರ ತೊಡಕು. ಹಜಾರದ ಹರವು ನಾಲ್ಕೂವರೆ ಮೀಟರ್ ದಾಟಿದ್ದರಿಂದ ಐಎಸ್ 456ರ ಪ್ರಕಾರ ಆಸರೆ ತೆಗೆಯಲು 14 ದಿನ ಕಾಯಬೇಕು. ಹಾಳೆಯಲ್ಲಿ 14 ಎಂದು ಬರೆದೆ. ಭಾನುವಾರಗಳನ್ನೂ ಎರಡು ಹಬ್ಬಗಳನ್ನೂ ಬಿಟ್ಟು ಎಣಿಸಿದ ಹಾಳೆ, ಬುಧವಾರ ಬಿಚ್ಚಬೇಕಾಗಿದ್ದ ಸೆಂಟ್ರಿಂಗನ್ನು ಅದರ ಮುಂದಿನ ಸೋಮವಾರಕ್ಕೆ ಬರೆಯಿತು. ಹದಿನಾಲ್ಕು ದಿನ ಹತ್ತೊಂಬತ್ತಾಯಿತು. ಶೀಟು, ಜಾಕಿಗೆ ಐದು ದಿನದ ಬಾಡಿಗೆ ದಂಡ.

ಅದಕ್ಕಿಂತ ದೊಡ್ಡ ಅವಮಾನ ಮೊದಲೇ ಆಗಿತ್ತು. ಶುಕ್ರವಾರದ ಚೌಕ ‘ರಜೆ’ ಎಂದು ಬೂದು ಬಣ್ಣದಲ್ಲಿ ಹೊಳೆಯುತ್ತಿದ್ದರಿಂದ ನಾನು ಮಹಡಿ ಹತ್ತಲೇ ಇಲ್ಲ. ಮಧ್ಯಾಹ್ನ ಮೇಸ್ತ್ರಿ ಟಿಫನ್ ಕ್ಯಾರಿಯರ್‌ನಲ್ಲಿ ನಮಗೂ ಒಂದಿಷ್ಟು ಊಟ ಹಿಡಿದು ಬಂದರು. ಮೇಲೆ ಹೋಗಿ ನೋಡಿದರೆ ಕಟ್ಟೆ ಕಟ್ಟಿ ನಿಲ್ಲಿಸಿದ್ದ ನೀರು ಹಿಂಗಿ ತಾರಸಿ ಬೆಳ್ಳಗಾಗಿತ್ತು. “ಯಾಕ್ ಸಾರ್, ಯಾರೂ ನೀರ್ ಬಿಟ್ಟಿಲ್ವಾ? ತೊಡಕು ನಮ್ಗೆ ಸಾರ್, ಮೋಲ್ಡ್‌ಗಲ್ಲ” ಎಂದರು. ಪಂಚೆ ಮೇಲೆ ಕಟ್ಟಿ ಪೈಪ್ ಹಿಡಿದೆ. ಬಿಸಿ ಕಾಂಕ್ರೀಟಿನ ಮೇಲೆ ನೀರು ಚುಂಯ್ ಎನ್ನುವಾಗ ಹಾಳೆಯ ಬಗ್ಗೆ ನನಗಿದ್ದ ಜ್ಞಾನದಲ್ಲಿ ಅರ್ಧ ಅದರ ಜೊತೆಗೇ ಹರಿದುಹೋಯಿತು.

ಫ್ರೆಡ್ ಬ್ರೂಕ್ಸ್ ನೆನಪಾಗುವುದು ಇಲ್ಲಿಯೇ. ಐಬಿಎಂನಲ್ಲಿ ಓಎಸ್/360 ಕೆಲಸದ ಮುಂದಾಳಾಗಿ ಪಟ್ಟ ಪಾಡನ್ನು ಅವರು 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಮಾಡಿದರು. ತಡವಾದ ಕೆಲಸಕ್ಕೆ ಆಳು ಹೆಚ್ಚಿಸಿದರೆ ಇನ್ನೂ ತಡವಾಗುತ್ತದೆ ಎಂಬ ಅವರ ಮಾತೂ, ಬಸುರಿಯ ಉದಾಹರಣೆಯೂ ಎಲ್ಲರ ಬಾಯಲ್ಲಿವೆ, ಬಿಡಿ. ನನಗೆ ಪ್ರಿಯವಾದದ್ದು ಅಷ್ಟಾಗಿ ಯಾರೂ ಎತ್ತಿ ಆಡದ ಭಾಗ. ಮೈಲಿಗಲ್ಲಿಗೆ ಕತ್ತಿಯಂಥ ಅಂಚಿರಬೇಕು ಎನ್ನುತ್ತಾರೆ ಬ್ರೂಕ್ಸ್. ಸಹಿ ಬಿತ್ತು, ಪರೀಕ್ಷೆಯಲ್ಲಿ ಪಾಸಾಯಿತು ಎನ್ನುವಂಥದ್ದು ಮೈಲಿಗಲ್ಲು. ‘ಬರೆಯುವುದು ಬಹುಮಟ್ಟಿಗೆ ಮುಗಿದಿದೆ’ ಎನ್ನುವುದು ಮಂಜು. ಮಂಜಿನೊಳಗೆ ಮನುಷ್ಯ ಮೇಲಿನವರಿಗೆ ಸುಳ್ಳು ಹೇಳುವುದಕ್ಕಿಂತ ಮುಂಚೆ ತನಗೇ ಹೇಳಿಕೊಳ್ಳುತ್ತಾನೆ. ಕೆಲಸ ಕೆಡುವುದು ದೊಡ್ಡ ಅನಾಹುತದಿಂದಲ್ಲ, ದೊಡ್ಡದಾದರೆ ಎಲ್ಲರೂ ಎದ್ದು ಓಡುತ್ತಾರೆ. ಇವತ್ತು ಒಬ್ಬರಿಗೆ ಜ್ವರ, ನಾಳೆ ಯಂತ್ರಕ್ಕೆ ರಿಪೇರಿ, ಹೀಗೆ ಅರ್ಧರ್ಧ ದಿನ ಸೋರುವುದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವರ ವಾದದ ತಿರುಳು. ಅದನ್ನು ಓದಿದ ಮೇಲೆ ನನ್ನ ಹಾಳೆಯಿಂದ ‘ಶೇಕಡಾ ಎಷ್ಟು ಮುಗಿದಿದೆ’ ಎಂಬ ಕಾಲಂ ಕಿತ್ತುಹಾಕಿದೆ. ಈಗ ಇರುವುದು 0 ಅಥವಾ 1. ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ, ಅಷ್ಟೇ. ‘ಶೇಕಡಾ 90 ಪ್ಲಂಬಿಂಗ್’ನಲ್ಲಿ ಮುಖ ತೊಳೆಯಲಾಗದು.

ಕಿತ್ತ ಕಾಲಂನ ಜಾಗದಲ್ಲಿ, ಬಾಡಿಗೆ ದಂಡ ತೆತ್ತ ಮೇಲೆ, ಬೇರೊಂದು ತಂದೆ: ‘ದಿನದ ಬಗೆ’. ಅದರಲ್ಲಿ ‘ಜ’ ಅಥವಾ ‘ವ’. ‘ಜ’ ಎಂದರೆ ಜನರ ದಿನ. ಅದಕ್ಕೆ ಭಾನುವಾರವುಂಟು, ಹಬ್ಬವುಂಟು, ಮೇಸ್ತ್ರಿಯ ನೆಂಟರ ಮನೆಯ ಮದುವೆಯುಂಟು. ಅಲ್ಲಿ ವರ್ಕ್‌ಡೇ.ಇಂಟ್ಲ್. ‘ವ’ ಎಂದರೆ ವಸ್ತುವಿನ ದಿನ: ಕಾಂಕ್ರೀಟ್ ಗಟ್ಟಿಯಾಗುವುದು, ಪುಟ್ಟಿ ಒಣಗುವುದು, ಬಾಡಿಗೆ ಓಡುವುದು. ಅಲ್ಲಿ ಬರೀ ಕೂಡುವ ಲೆಕ್ಕ. ಜಾಣತನವೇನಿದ್ದರೂ ‘ವ’ ಸಾಲನ್ನು ರಜೆಯ ಹಿಂದಿನ ಸಂಜೆಗೆ ಹಚ್ಚುವುದರಲ್ಲಿದೆ. ನಾವು ಮಲಗಿದ್ದಾಗಲೂ ಅದು ನಡೆಯುತ್ತಿರುತ್ತದೆ.

ಹುಡುಗ ಆಕಳಿಸುತ್ತ, “ಸಾಫ್ಟ್‌ವೇರ್‌ನಲ್ಲಿ ಕಾಂಕ್ರೀಟ್ ಎಲ್ಲಿಂದ ಬರ್ಬೇಕು ಮಾವ?” ಎಂದು ಎದ್ದುಹೋದ. ಬೆಳಗ್ಗೆ ಕಾಫಿ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತ. ಅವರಲ್ಲಿ ಒಂದು ಪರೀಕ್ಷೆ ಇದೆಯಂತೆ, ಯಾರೂ ಮುಟ್ಟದಿದ್ದರೂ 72 ಗಂಟೆ ತಾನೇ ಓಡುವಂಥದ್ದು.

“ಅದನ್ನ ಯಾವತ್ತು ಹಚ್ತೀರಿ?” ಎಂದೆ.

“ಸೋಮವಾರ ಬೆಳಗ್ಗೆ. ಗುರುವಾರದವರೆಗೂ ಎಲ್ಲರೂ ಕಾಯ್ತಾ ಕೂತಿರ್ತೀವಿ.”

ನಾನು ಏನೂ ಹೇಳಲಿಲ್ಲ. ಅವನು ಬೆರಳು ಮಡಚಿ ಶುಕ್ರವಾರ ಸಂಜೆಯಿಂದ ಎಣಿಸತೊಡಗಿದ, ಅವನ ಮುತ್ತಜ್ಜಿಯ ಹಾಗೇ, ಶುಕ್ರವಾರವನ್ನೂ ಸೇರಿಸಿ. ಬಣ್ಣದ ಪಟ್ಟಿ ಮುಂದಿನ ವಾರ.